ಬಾಡಿದ ಗಿಡಕ್ಕೆಲ್ಲ ಬಾಯಾರಿಕೆಯೇ?

ಕೇಳುಗರಿಗೆ ನಮಸ್ಕಾರ.

ನಡುಹಗಲಲ್ಲಿ ಗಿಡದ ಎಲೆ ಜೋತುಬಿದ್ದಿದ್ದರೆ ಯಾರ ಕೈಯಾದರೂ ಮೊದಲು ನೀರಿನ ಕಡೆಗೇ ಹೋಗುತ್ತದೆ. ಹಲವು ಸಲ ಅದು ಸರಿಯೇ. ಆದರೆ ಬೇರು ಕೊಳೆತಾಗಲೂ ಎಲೆ ಹೀಗೇ ಜೋಲುತ್ತದೆ. ಗೊಬ್ಬರ ಹೆಚ್ಚಾದಾಗ, ಕಾಂಡದೊಳಗೆ ರೋಗಾಣು ಸೇರಿದಾಗ, ಬರೀ ಬಿಸಿಲು ಜೋರಾದಾಗಲೂ ಹೀಗೇ. ಕೊಳೆತ ಬೇರಿಗೆ ಮತ್ತೆ ನೀರು ಸುರಿದರೆ ಗಿಡ ಇನ್ನೂ ಬೇಗ ಸಾಯುತ್ತದೆ. ರೋಗದ ಗಿಡಕ್ಕೆ ಸುರಿದರೆ ಹರಿದ ನೀರಿನೊಂದಿಗೆ ರೋಗ ಪಕ್ಕದ ಗಿಡಕ್ಕೂ ದಾಟುತ್ತದೆ. ಬಿಸಿಲಿಗೆ ಸೋತ ಗಿಡಕ್ಕೆ ಏನೂ ಬೇಕಿರಲಿಲ್ಲ. ಬಾಡಿದ ಎಲೆಯಿಂದ ತಿಳಿಯುವುದು ಇಷ್ಟೇ: ಹೋಗುವಷ್ಟು ನೀರು ಬರುತ್ತಿಲ್ಲ. ಎಲ್ಲಿ ತಡೆದಿದೆ ಎಂದು ಹುಡುಕಬೇಕಾದವರು ನಾವು. ಹುಡುಕಲು ನೀರಿನ ದಾರಿ ಗೊತ್ತಿರಬೇಕು.

ಮೊದಲು ಲೆಕ್ಕ. ಬೇರು ನೂರು ಲೀಟರ್ ನೀರು ಹೀರಿದರೆ ಗಿಡದ ಮೈಯಲ್ಲಿ ಉಳಿಯುವುದು ಎರಡೋ ಮೂರೋ ಲೀಟರ್. ಮಿಕ್ಕದ್ದೆಲ್ಲ ಎಲೆಯಿಂದ ಆವಿಯಾಗಿ ಹೋಗುತ್ತದೆ. ಇದೇ ಬಾಷ್ಪವಿಸರ್ಜನೆ. ಇದನ್ನು ತಕ್ಕಡಿಯಲ್ಲಿಟ್ಟು ನೋಡಿದವರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುಂಡದ ಮಣ್ಣಿನಿಂದ ನೀರು ನೇರವಾಗಿ ಆರಿಹೋಗದಂತೆ ಸೀಸದ ತಗಡು ಮುಚ್ಚಿ, ಸುಮಾರು ಒಂದು ಮೀಟರ್ ಎತ್ತರದ ಸೂರ್ಯಕಾಂತಿ ಗಿಡವನ್ನು ಬೆಳಗ್ಗೆ ಸಂಜೆ ತೂಗಿದರು. ಒಂದು ಹಗಲಿಗೆ ಅರ್ಧ ಕಿಲೋಗೂ ಮಿಕ್ಕಿ ತೂಕ ಇಳಿಯುತ್ತಿತ್ತು. ಅವರು ಇದನ್ನು ಪ್ರಕಟಿಸಿದ್ದು 1727ರಲ್ಲಿ. ವಿಧಾನ ಇಂದಿಗೂ ಹಳತಾಗಿಲ್ಲ. ಸೀಸದ ಬದಲು ಪ್ಲಾಸ್ಟಿಕ್ ಹಾಳೆಯಿಂದ ಕುಂಡದ ಬಾಯಿ ಕಟ್ಟಿ ತೂಗಿದರೆ ಶಾಲೆಯ ಮಕ್ಕಳೂ ಇದನ್ನು ಅಳೆಯಬಹುದು.

ಇಷ್ಟು ನೀರನ್ನು ಮೇಲಕ್ಕೆ ಎತ್ತುವವರು ಯಾರು? ಗಿಡಕ್ಕೆ ಹೃದಯವಿಲ್ಲ. ಮುಂದಿನ ಮಾತಿಗೆಲ್ಲ ಒಂದೇ ಅಳತೆ ಇಟ್ಟುಕೊಳ್ಳೋಣ: ವಾಯುಭಾರ. ಸಮುದ್ರಮಟ್ಟದಲ್ಲಿ ಗಾಳಿ ಒತ್ತುವ ಬಲ ಒಂದು ವಾಯುಭಾರ. ಅದು ನೀರನ್ನು 10 ಮೀಟರಿಗಿಂತ ಚೂರು ಮೇಲಕ್ಕೆ ಎತ್ತಬಲ್ಲದು, ಅಷ್ಟೇ. ಮರಗಳು ಮೂವತ್ತು, ಐವತ್ತು, ನೂರು ಮೀಟರ್ ಬೆಳೆಯುತ್ತವೆ. ಹಾಗಾಗಿ ಇದು ಗಾಳಿಯ ಒತ್ತಡದ ಕೆಲಸವಲ್ಲ.

ಸಣ್ಣ ಕೊಳವೆಯಲ್ಲಿ ನೀರು ತಾನಾಗಿ ಏರುತ್ತದಲ್ಲ, ಅದಿರಬಹುದೇ? ಮರದ ನಾಳ ಮಿಲಿಮೀಟರಿನ ಇಪ್ಪತ್ತೈದನೇ ಒಂದು ಭಾಗ ಅಗಲವಿದ್ದರೆ, ಅದರಲ್ಲಿ ನೀರು ಏರುವುದು ಮುಕ್ಕಾಲು ಮೀಟರ್. ಅದೂ ಸಾಲದು. ಬೇರು ಕೆಳಗಿನಿಂದ ತಳ್ಳುತ್ತದೆಯೇ? ಹೌದು, ಕೆಲವು ಗಿಡಗಳಲ್ಲಿ ತಳ್ಳುತ್ತದೆ. ರಾತ್ರಿ ಮಣ್ಣು ಒದ್ದೆಯಾಗಿ ಗಾಳಿಯೂ ತೇವವಾಗಿದ್ದಾಗ ಬೇರು ಲವಣಗಳನ್ನು ಒಳಗೆ ಕೂಡಿಹಾಕಿಕೊಳ್ಳುತ್ತದೆ, ಅವುಗಳ ಹಿಂದೆ ನೀರು ನುಗ್ಗುತ್ತದೆ. ಬೆಳಗ್ಗೆ ಹುಲ್ಲಿನ, ಟೊಮ್ಯಾಟೊ ಎಲೆಯ ಅಂಚಿನಲ್ಲಿ ಸಾಲಾಗಿ ನಿಂತ ಹನಿಗಳು ಎಷ್ಟೋ ಸಲ ಇಬ್ಬನಿಯಲ್ಲ, ಬೇರು ತಳ್ಳಿದ ನೀರು. ಇಬ್ಬನಿ ಎಲೆಯ ಮೈಗೆಲ್ಲ ಹರಡಿರುತ್ತದೆ, ಇದು ನರಗಳ ತುದಿಯಲ್ಲಿ ಮಾತ್ರ. ಆದರೆ ಈ ಒತ್ತಡ ಸಾಮಾನ್ಯವಾಗಿ ಒಂದೆರಡು ವಾಯುಭಾರ. ಗಿಡಕ್ಕೆ ನೀರು ಅತಿ ಹೆಚ್ಚು ಬೇಕಾದ ಹಗಲು ಹೊತ್ತಿನಲ್ಲಿ ಅದು ಇರುವುದೇ ಇಲ್ಲ.

ಕಾಂಡದೊಳಗಿನ ಜೀವಕೋಶಗಳು ಮೆಟ್ಟಿಲು ಮೆಟ್ಟಿಲಾಗಿ ಎತ್ತುತ್ತಿರಬಹುದು ಎಂಬ ವಾದವೂ ಇತ್ತು. ಜರ್ಮನಿಯ ಎಡ್ವರ್ಡ್ ಸ್ಟ್ರಾಸ್‌ಬುರ್ಗರ್ 1890ರ ದಶಕದಲ್ಲಿ ಮರಗಳನ್ನು ಬುಡಕ್ಕೆ ಕತ್ತರಿಸಿ ವಿಷದ ದ್ರಾವಣದಲ್ಲಿ ನಿಲ್ಲಿಸಿದರು. ವಿಷ ದಾರಿಯುದ್ದಕ್ಕೂ ಜೀವಕೋಶಗಳನ್ನು ಕೊಲ್ಲುತ್ತ ಏರಿತು, ಅದರ ಹಿಂದೆ ನೀರೂ ಏರುತ್ತಲೇ ಇತ್ತು. ಎಲೆ ಸತ್ತ ಮೇಲಷ್ಟೇ ಏರಿಕೆ ನಿಂತಿತು. ಕೆಲಸ ನಡೆಯುವುದು ಎಲೆಯಲ್ಲಿ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. 1894ರಲ್ಲಿ ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ ಇದನ್ನು ಸಿದ್ಧಾಂತವಾಗಿ ಮುಂದಿಟ್ಟರು: ನೀರನ್ನು ಯಾರೂ ತಳ್ಳುತ್ತಿಲ್ಲ, ಮೇಲಿನಿಂದ ಎಳೆಯಲಾಗುತ್ತಿದೆ.

ಎಳೆಯುವುದು ಒಣ ಗಾಳಿ. ಎಲೆಯೊಳಗಿನ ಜೀವಕೋಶಗಳ ಗೋಡೆ ಸದಾ ಒದ್ದೆ. ಆ ಗೋಡೆಯಲ್ಲಿ ಅತಿ ಸೂಕ್ಷ್ಮ ರಂಧ್ರಗಳಿವೆ, ಅವುಗಳ ತುಂಬ ನೀರು. ಮೇಲ್ಮೈಯಿಂದ ನೀರು ಆವಿಯಾದಂತೆ ಉಳಿದ ನೀರಿನ ಮುಖ ಒಳಕ್ಕೆ ಬಾಗುತ್ತದೆ. ಬಾಗಿದ ಮುಖ ಮತ್ತೆ ಚಪ್ಪಟೆಯಾಗಲು ಹಿಂದಿನ ನೀರನ್ನು ಜಗ್ಗುತ್ತದೆ. ರಂಧ್ರ ಕಿರಿದಾದಷ್ಟೂ ಜಗ್ಗುವ ಬಲ ಹೆಚ್ಚು. ತ್ರಿಜ್ಯ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗವಾದರೆ ಅಲ್ಲಿನ ನೀರಿನ ಮುಖ 140 ವಾಯುಭಾರದ ಎಳೆತವನ್ನು ತಡೆದು ನಿಲ್ಲಬಲ್ಲದು. ಕೊಳವೆಯ ಏರಿಕೆಯನ್ನು ಆಗಲೇ ತಳ್ಳಿಹಾಕಿದೆವಲ್ಲ, ಅದೇ ಬಲ ಇಲ್ಲಿ ಎಲೆಯ ಗೋಡೆಯಲ್ಲಿ ಮರಳಿ ಬಂದಿದೆ, ಸುಮಾರು ಎರಡು ಸಾವಿರ ಪಟ್ಟು ದೊಡ್ಡದಾಗಿ. ಗಾಳಿಯ ಕಡೆಯಿಂದಲೂ ನೋಡಿ. ತೇವಾಂಶ ನೂರಕ್ಕೆ 50 ಇರುವ ಗಾಳಿ ನೀರನ್ನು ಸೆಳೆಯುವ ಬಲ 900 ವಾಯುಭಾರಕ್ಕೂ ಮೇಲು. ನೂರಕ್ಕೆ 99ರಷ್ಟು ತೇವವಿದ್ದರೂ ಅದು 13 ವಾಯುಭಾರ. ಒಂದು ಚೂರು ಒಣಗಿದ ಗಾಳಿಗೂ ನೂರು ಮೀಟರಿನ ಆಚೆಯಿಂದ ನೀರು ಎಳೆಯುವ ಶಕ್ತಿ ಇದೆ ಎಂದಾಯಿತು. ಈ ಶಕ್ತಿಯ ಖರ್ಚು ಗಿಡದ್ದಲ್ಲ, ಬಿಸಿಲಿನದು.

ಎಳೆದರೆ ನೀರು ತುಂಡಾಗುವುದಿಲ್ಲವೇ? ಇಲ್ಲಿ ನೀರಿನ ಕಂಬವನ್ನು ಬಾವಿಯ ಹಗ್ಗದಂತೆ ಭಾವಿಸಬೇಕು: ಮೇಲೆ ಜಗ್ಗಿದರೆ ತಳದವರೆಗೂ ಬಿಗಿ. ನೀರಿನ ಅಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದಿರುತ್ತವೆ, ನಾಳದ ಗೋಡೆಯನ್ನೂ ಹಿಡಿದಿರುತ್ತವೆ. ಕಂಬದಲ್ಲಿ ಗಾಳಿಗುಳ್ಳೆ ಇಲ್ಲದಿದ್ದರೆ ಹತ್ತಾರು ವಾಯುಭಾರದ ಎಳೆತವನ್ನು ಅದು ತಾಳುತ್ತದೆ. ಈಗ ಬದುಕಿರುವ ಅತಿ ಎತ್ತರದ ಮರ ಕ್ಯಾಲಿಫೋರ್ನಿಯಾದ ಒಂದು ರೆಡ್‌ವುಡ್, 115 ಮೀಟರಿಗೂ ಎತ್ತರ. ಅಷ್ಟು ಎತ್ತರಕ್ಕೆ ನೀರಿನ ಭಾರವೊಂದಕ್ಕೇ 11 ವಾಯುಭಾರ ಬೇಕು. ನಾಳಗಳ ಘರ್ಷಣೆಗೂ ಹೆಚ್ಚುಕಡಿಮೆ ಅಷ್ಟೇ ಸೇರಿಸಿದರೆ ಇಪ್ಪತ್ತರ ಆಸುಪಾಸು. ಆ ಜಾತಿಯ ಮರಗಳ ತುದಿಯ ಎಲೆಗಳನ್ನು ಅಳೆದ ವಿಜ್ಞಾನಿಗಳು, 122ರಿಂದ 130 ಮೀಟರಿನ ಆಚೆ ಮರ ಬೆಳೆಯಲಾರದು ಎಂದು 2004ರಲ್ಲಿ ಲೆಕ್ಕ ಹಾಕಿದರು. ಅಲ್ಲಿ ಎಲೆಗೆ ನೀರು ಸಿಕ್ಕರೂ ಅದು ಉಬ್ಬಿ ಬೆಳೆಯುವಷ್ಟು ಸಿಗುವುದಿಲ್ಲ.

ಈ ಎಳೆತವನ್ನು ಅಳೆಯುವ ಸುಲಭ ದಾರಿ ತೋರಿಸಿದವರು ಪೆರ್ ಶೋಲಾಂಡರ್, 1965ರಲ್ಲಿ. ಎಲೆಯೊಂದನ್ನು ಕತ್ತರಿಸಿ ಗಟ್ಟಿ ಲೋಹದ ಡಬ್ಬಿಯಲ್ಲಿ ಇಡುವುದು, ಕತ್ತರಿಸಿದ ತೊಟ್ಟಿನ ತುದಿ ಮಾತ್ರ ಹೊರಗೆ. ಕತ್ತರಿಸಿದೊಡನೆ ಎಳೆತದಲ್ಲಿದ್ದ ನೀರು ಒಳಕ್ಕೆ ಸರಿದಿರುತ್ತದೆ. ಡಬ್ಬಿಯೊಳಗೆ ಅನಿಲದ ಒತ್ತಡ ಏರಿಸುತ್ತ ಹೋಗಿ, ತೊಟ್ಟಿನ ತುದಿಯಲ್ಲಿ ನೀರು ಮತ್ತೆ ಮಿನುಗಿದ ಕ್ಷಣದ ಒತ್ತಡ ಎಷ್ಟೋ, ಮೊದಲಿದ್ದ ಎಳೆತ ಅಷ್ಟು. ನೀರಾವರಿ ಯಾವಾಗ ಮಾಡಬೇಕೆಂದು ತೀರ್ಮಾನಿಸಲು ದೊಡ್ಡ ತೋಟಗಳಲ್ಲಿ ಈ ಉಪಕರಣವನ್ನು ಈಗಲೂ ಬಳಸುತ್ತಾರೆ.

ಈಗ ಕೆಳಗೆ ಇಳಿಯೋಣ. ಹೆಚ್ಚಿನ ತೊಂದರೆಗಳು ಶುರುವಾಗುವುದು ಅಲ್ಲೇ. ನೀರನ್ನು ಹೆಚ್ಚಾಗಿ ಹೀರುವುದು ದಪ್ಪ ಬೇರಲ್ಲ, ಎಳೆಬೇರಿನ ತುದಿಗೆ ತುಸು ಹಿಂದಿರುವ ಬೇರುರೋಮಗಳು. ಒಂದೊಂದೂ ಒಂದೇ ಜೀವಕೋಶದ ಚಾಚು. ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗ, ಉದ್ದ ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್, ಆಯುಸ್ಸು ಕೆಲವೇ ದಿನ ಅಥವಾ ವಾರ. ಆದರೆ ಸಂಖ್ಯೆ ನೋಡಿ. 1937ರಲ್ಲಿ ಹೊವರ್ಡ್ ಡಿಟ್ಮರ್ ಎಂಬ ವಿಜ್ಞಾನಿ ರೈ ಎಂಬ ಗೋಧಿಯಂಥ ಧಾನ್ಯದ ನಾಲ್ಕು ತಿಂಗಳ ಒಂದೇ ಒಂದು ಗಿಡದ ಬೇರುಗಳನ್ನು ಲೆಕ್ಕ ಹಾಕಿದರು. ಬೇರುಗಳ ಒಟ್ಟು ಉದ್ದ 600 ಕಿಲೋಮೀಟರಿಗೂ ಹೆಚ್ಚು, ಬೇರುರೋಮಗಳು 1,400 ಕೋಟಿ, ಅವುಗಳ ಉದ್ದ ಸೇರಿಸಿದರೆ 10,000 ಕಿಲೋಮೀಟರಿಗೂ ಮೇಲು.

ಸಸಿಯನ್ನು ಎಳೆದು ಕಿತ್ತಾಗ ಮಣ್ಣಿನಲ್ಲಿ ಉಳಿದುಬಿಡುವುದು ಇವೇ. ಕೈಯಲ್ಲಿ ಬೇರು ಕಂಡರೂ ಹೀರುವ ಭಾಗ ಹೋಗಿರುತ್ತದೆ. ಅದಕ್ಕೇ ನಾಟಿಗೆ ಕೆಲವು ಗಂಟೆ ಮೊದಲು ಮಡಿಗೆ ನೀರು ಕೊಟ್ಟು, ಮಣ್ಣಿನ ಹೆಂಟೆಯೊಂದಿಗೆ ಸಸಿ ಎಬ್ಬಿಸಬೇಕು. ನಾಟಿ ಸಂಜೆಯ ಹೊತ್ತಿಗೆ. ನೆಟ್ಟ ಮೇಲೆ ಬುಡದ ಮಣ್ಣನ್ನು ಬೆರಳಿನಿಂದ ಒತ್ತಬೇಕು, ಏಕೆಂದರೆ ಬೇರಿಗೂ ಮಣ್ಣಿಗೂ ನಡುವೆ ಗಾಳಿ ಉಳಿದರೆ ಅಲ್ಲಿ ನೀರಿನ ದಾರಿ ಇಲ್ಲ. ನೀರು ಕೂಡಲೇ ಕೊಡಬೇಕು, ಮೂರು ನಾಲ್ಕು ದಿನ ನೆರಳು ಮಾಡಬೇಕು. ನೆರಳು ಸಸಿಯ ಮೇಲಿನ ಕರುಣೆಯಿಂದಲ್ಲ. ಹೊಸ ಬೇರುರೋಮ ಹುಟ್ಟುವವರೆಗೆ ಮೇಲಿನ ಎಳೆತ ಕಡಿಮೆ ಇರಬೇಕು, ಅದಕ್ಕೆ. ದೊಡ್ಡ ಎಲೆಯ ಸಸಿಯಾದರೆ ಕೆಲವು ಎಲೆಗಳನ್ನು ಅರ್ಧಕ್ಕೆ ಕತ್ತರಿಸುವುದೂ ಇದೇ ಕಾರಣಕ್ಕೆ.

ಬೇರಿನ ಒಳಗೆ ನೀರು ಜೀವಕೋಶಗಳ ಗೋಡೆಯಲ್ಲೇ ತೂರಿಕೊಂಡು ನಡುವಿನವರೆಗೆ ಹೋಗಬಹುದು. ಅಲ್ಲಿ ಒಂದು ತಡೆ ಇದೆ. ನಾಳಗಳ ಸುತ್ತ ಇರುವ ಒಂದು ಸುತ್ತು ಜೀವಕೋಶಗಳ ಪಕ್ಕದ ಗೋಡೆಗಳಿಗೆ ನೀರು ಸೋರದ ಪಟ್ಟಿ ಬಳಿದಿರುತ್ತದೆ. ಇದರ ಹೆಸರು ಕ್ಯಾಸ್ಪೇರಿಯನ್ ಪಟ್ಟಿ. ಇಲ್ಲಿಂದ ಮುಂದೆ ಹೋಗಬೇಕಾದರೆ ನೀರು ಜೀವಂತ ಪೊರೆಯ ಮೂಲಕವೇ ಹಾಯಬೇಕು. ಯಾವ ಲವಣ ಒಳಗೆ, ಯಾವುದು ಹೊರಗೆ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಪೊರೆಯಲ್ಲಿ ನೀರಿಗೆಂದೇ ಇರುವ ಬಾಗಿಲುಗಳು ಅಕ್ವಾಪೋರಿನ್ ಎಂಬ ಪ್ರೋಟೀನುಗಳು. ಇವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ನೀರು ನಿಂತ ಮಣ್ಣಿನಲ್ಲಿ ಗಿಡ ಬಾಡುವ ಒಗಟು ಬಿಡಿಸುವುದು ಈ ಬಾಗಿಲುಗಳೇ. ಮಣ್ಣಿನ ಸಂದಿನಲ್ಲೆಲ್ಲ ನೀರು ತುಂಬಿದರೆ ಬೇರಿಗೆ ಆಮ್ಲಜನಕವಿಲ್ಲ. ಉಸಿರಾಟ ಕೆಟ್ಟು ಬೇರಿನ ಜೀವಕೋಶದೊಳಗೆ ಆಮ್ಲತೆ ಏರುತ್ತದೆ, ಆಮ್ಲತೆ ಏರಿದೊಡನೆ ಅಕ್ವಾಪೋರಿನ್‌ಗಳು ಮುಚ್ಚಿಕೊಳ್ಳುತ್ತವೆ. ಸುತ್ತ ನೀರು, ಒಳಗೆ ಬರ. ಎಲೆ ಜೋಲುತ್ತದೆ. ನೋಡಿದವರು ಮತ್ತೊಂದು ಕೊಡ ಸುರಿಯುತ್ತಾರೆ. ಕುಂಡದ ಗಿಡಗಳು ಸಾಯುವುದು ಬಹುಪಾಲು ಹೀಗೆಯೇ ಎಂದು ಧಾರಾಳವಾಗಿ ಹೇಳಬಹುದು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಊರಿ ನೋಡಿ. ತೇವವಿದ್ದೂ ಗಿಡ ಬಾಡಿದ್ದರೆ ನೀರು ನಿಲ್ಲಿಸಿ, ಕುಂಡದ ತೂತು ಕಟ್ಟಿದೆಯೇ ನೋಡಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಗಿಡ ಉಳಿಯುತ್ತದೆ. ಕಂದಾಗಿ, ಹಿಡಿದೆಳೆದರೆ ಸಿಪ್ಪೆ ಜಾರಿ ಬಂದರೆ ಅದು ಕೊಳೆತಿದೆ.

ಇದಕ್ಕೆ ತಿರುಗುಮುರುಗಾದ ತೊಂದರೆಯೂ ಕುಂಡದಲ್ಲಿ ಉಂಟು. ಪೂರ್ತಿ ಒಣಗಿದ ಮಣ್ಣು ಕುಗ್ಗಿ ಕುಂಡದ ಗೋಡೆ ಬಿಡುತ್ತದೆ. ಹಾಕಿದ ನೀರು ಆ ಸಂದಿಯಲ್ಲೇ ಸರ್ರನೆ ಇಳಿದು ತೂತಿನಿಂದ ಹೊರಬರುತ್ತದೆ, ನಡುವಿನ ಮಣ್ಣು ಒಣಗಿಯೇ ಇರುತ್ತದೆ. ಅಂಥ ಕುಂಡವನ್ನು ಬಕೆಟ್ಟಿನ ನೀರಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ಮುಳುಗಿಸಿಟ್ಟು, ಆಮೇಲೆ ಎತ್ತಿ ಬಸಿಯಲು ಬಿಡಬೇಕು.

ಇನ್ನು ಮಣ್ಣು. ಚೆನ್ನಾಗಿ ನೆನೆದು ಹೆಚ್ಚುವರಿ ನೀರು ಬಸಿದುಹೋದ ಮಣ್ಣು ನೀರನ್ನು ವಾಯುಭಾರದ ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ ಬಲದಿಂದ ಹಿಡಿದಿರುತ್ತದೆ. ಒಣಗುತ್ತ ಹೋದಂತೆ ಹಿಡಿತ ಬಿಗಿಯಾಗುತ್ತದೆ. ಸುಮಾರು 15 ವಾಯುಭಾರ ತಲುಪಿದರೆ ಬಹುತೇಕ ಬೆಳೆಗಳು ರಾತ್ರಿ ಕಳೆದರೂ ಚೇತರಿಸಿಕೊಳ್ಳವು. ಜೇಡಿಮಣ್ಣಿನ ಮೋಸ ಇಲ್ಲಿದೆ. ಕೈಗೆ ತೇವವಾಗಿ ತಣ್ಣಗೆ ತಾಗುತ್ತದೆ, ಆದರೆ ಆ ನೀರು ಅತಿ ಸಣ್ಣ ಸಂದುಗಳಲ್ಲಿ ಸಿಕ್ಕಿದ್ದು, ಬೇರಿಗೆ ಬಿಟ್ಟುಕೊಡುವುದಿಲ್ಲ. ಮರಳಿನಲ್ಲಿ ಹಿಡಿತ ಸಡಿಲ, ಆದರೆ ದಾಸ್ತಾನು ಕಡಿಮೆ. ಮರಳುಮಣ್ಣಿಗೆ ಸ್ವಲ್ಪ ಸ್ವಲ್ಪ, ಬೇಗ ಬೇಗ. ಜೇಡಿಗೆ ಹೆಚ್ಚು, ತಡವಾಗಿ.

ಉಪ್ಪು ಸೇರಿದರೆ ಹಿಡಿತ ಇನ್ನಷ್ಟು. ಗೊಬ್ಬರವೂ ಲೆಕ್ಕದಲ್ಲಿ ಉಪ್ಪೇ. ಒಂದು ಲೀಟರ್ ನೀರಿಗೆ 10 ಗ್ರಾಂ ಯೂರಿಯಾ ಕರಗಿಸಿದರೆ ಆ ದ್ರಾವಣ ನೀರನ್ನು ಸುಮಾರು 4 ವಾಯುಭಾರದಿಂದ ಹಿಡಿದುಕೊಳ್ಳುತ್ತದೆ. ಅಷ್ಟೇ ಮ್ಯುರಿಯೇಟ್ ಆಫ್ ಪೊಟ್ಯಾಷ್ ಕರಗಿಸಿದರೆ ಸುಮಾರು 6. ಮಣ್ಣಿನ ನೀರು ಅರ್ಧಕ್ಕೆ ಇಳಿದರೆ ಈ ಅಂಕಿ ಇಮ್ಮಡಿ. ಒಣ ಮಣ್ಣಿಗೆ ಹಿಡಿ ಗೊಬ್ಬರ ಎರಚಿ, ಚೂರು ನೀರು ಚಿಮುಕಿಸಿದರೆ ಎಲೆಯ ಅಂಚು ಸುಟ್ಟಂತಾಗುವುದು ಏಕೆಂದು ಈಗ ಗೊತ್ತಾಗುತ್ತದೆ. ಮೊದಲು ನೆಲ ನೆನೆಯಲಿ, ಆಮೇಲೆ ಗೊಬ್ಬರ, ಬುಡಕ್ಕೆ ತಾಗದಂತೆ. ಹೆಚ್ಚಾಯಿತು ಎನಿಸಿದರೆ ಕುಂಡದ ಅಳತೆಯ ಎರಡರಷ್ಟು ನೀರು ನಿಧಾನ ಹಾಯಿಸಿ ತೊಳೆದುಬಿಡಿ. ಇಲ್ಲಿ ನೀರು ಸುರಿಯುವುದೇ ಮದ್ದು.

ಕಾಂಡದಲ್ಲಿ ನೀರು ಏರುವುದು ಕ್ಸೈಲಂ ನಾಳಗಳಲ್ಲಿ. ಇವು ಸತ್ತ ಜೀವಕೋಶಗಳ ಪೊಳ್ಳು. ಮರದಲ್ಲಿ ಕೆಲಸ ಮಾಡುವುದು ಹೊರಭಾಗದ ಎಳೆಯ ಕಟ್ಟಿಗೆ ಮಾತ್ರ. ಅದಕ್ಕೇ ಒಳಗೆಲ್ಲ ಪೊಟರೆಯಾದ ಮರವೂ ಹಸಿರಾಗಿ ನಿಲ್ಲುತ್ತದೆ. ತೊಗಟೆಯನ್ನು ಉಂಗುರದಂತೆ ಸುಲಿದರೂ ಎಲೆ ತಕ್ಷಣ ಬಾಡುವುದಿಲ್ಲ, ಏಕೆಂದರೆ ತೊಗಟೆಯ ಒಳಪದರದಲ್ಲಿ ಇಳಿಯುವುದು ಆಹಾರ. ಮರ ಸಾಯುವುದು ತಿಂಗಳುಗಳ ಮೇಲೆ, ಬೇರು ಹಸಿದು.

ನಾಳದ ಅಗಲ ಇಮ್ಮಡಿಯಾದರೆ ಹರಿವು ಹದಿನಾರು ಪಟ್ಟು. ಓಕ್ ಜಾತಿಯ ಅಗಲ ನಾಳಗಳಲ್ಲಿ ನೀರು ಗಂಟೆಗೆ ಹತ್ತಾರು ಮೀಟರ್ ಓಡುತ್ತದೆ, ಪೈನ್ ಜಾತಿಯ ಸಣ್ಣ ಕೋಶಗಳಲ್ಲಿ ಒಂದೆರಡು ಮೀಟರ್. ಆದರೆ ಅಗಲ ನಾಳಕ್ಕೆ ಅಪಾಯ ಹೆಚ್ಚು. ಬರ ಬಿಗಿದಾಗ, ಹಿಮ ಕರಗುವಾಗ ನೀರಿನ ಕಂಬ ತುಂಡಾಗಿ ಗುಳ್ಳೆ ತುಂಬಿಕೊಳ್ಳುತ್ತದೆ. ತುಂಡಾಗುವ ಟಿಕ್ ಟಿಕ್ ಸದ್ದನ್ನು ಸೂಕ್ಷ್ಮ ಮೈಕ್ ಅಂಟಿಸಿ ಕೇಳಬಹುದು. ನಾಳದಿಂದ ನಾಳಕ್ಕೆ ಇರುವ ಕಿಂಡಿಗಳ ಪೊರೆ ಗುಳ್ಳೆ ಮುಂದೆ ಹರಡದಂತೆ ತಡೆಯುತ್ತದೆ, ನೀರು ಪಕ್ಕದ ನಾಳ ಹಿಡಿದು ಹೋಗುತ್ತದೆ.

ಹೂದಾನಿಯ ಹೂ ಬೇಗ ಬಾಡುವುದಕ್ಕೂ ಇದೇ ಗುಳ್ಳೆ ಕಾರಣ. ಕತ್ತರಿಸಿದೊಡನೆ ನಾಳಗಳು ಗಾಳಿ ಎಳೆದುಕೊಳ್ಳುತ್ತವೆ. ದಂಟನ್ನು ನೀರಿನಲ್ಲಿ ಮುಳುಗಿಸಿಟ್ಟುಕೊಂಡೇ, ಹರಿತವಾದ ಚಾಕುವಿನಿಂದ ಎರಡು ಮೂರು ಸೆಂಟಿಮೀಟರ್ ಮತ್ತೆ ಕತ್ತರಿಸಿ. ನೀರಿನೊಳಗೆ ಮುಳುಗುವ ಎಲೆ ತೆಗೆಯಿರಿ, ಅವು ಕೊಳೆತು ಬ್ಯಾಕ್ಟೀರಿಯಾ ನಾಳ ಕಟ್ಟುತ್ತವೆ. ನೀರನ್ನು ದಿನಾ ಬದಲಿಸಿ.

ಬದುಕಿರುವ ಗಿಡದಲ್ಲೂ ಬ್ಯಾಕ್ಟೀರಿಯಾ ಇದೇ ಕೆಲಸ ಮಾಡುತ್ತವೆ, ಅದಕ್ಕೆ ಸೊರಗು ರೋಗ ಎಂದು ಹೆಸರು. ಟೊಮ್ಯಾಟೊ, ಬದನೆ, ಮೆಣಸಿನ ಗಿಡ ಹಸಿರಾಗಿದ್ದಂತೆಯೇ ಜೋತುಬಿದ್ದರೆ ಬುಡದ ಕಡೆಯ ಒಂದು ಗೇಣಿನಷ್ಟು ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ತುದಿಯಿಂದ ಹಾಲಿನ ಎಳೆಯಂಥ ಬಿಳಿ ಧಾರೆ ಇಳಿದರೆ ಬ್ಯಾಕ್ಟೀರಿಯಾ ಸೊರಗು. ಔಷಧದಿಂದ ಆ ಗಿಡ ಉಳಿಯದು. ಬೇರುಸಹಿತ ಕಿತ್ತು ತೆಗೆದು, ಆ ಪಾತಿಯ ನೀರು ಪಕ್ಕಕ್ಕೆ ಹರಿಯದಂತೆ ಕಟ್ಟಬೇಕು. ಧಾರೆ ಇಳಿಯದೆ, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಶಿಲೀಂಧ್ರ. ಎರಡೂ ಇಲ್ಲದಿದ್ದರೆ ಬೇರು ನೋಡಿ. ಗಂಟು ಗಂಟಾಗಿದ್ದರೆ ಜಂತುಹುಳು.

ಎಲೆಯ ಬಾಗಿಲು ಪತ್ರರಂಧ್ರ. ತೆರೆದಾಗಲೂ ಇವು ಎಲೆಯ ಮೈಯಲ್ಲಿ ನೂರಕ್ಕೆ ಒಂದೆರಡು ಭಾಗ ಅಷ್ಟೇ. ಎರಡು ಕಾವಲು ಜೀವಕೋಶಗಳು ಪೊಟ್ಯಾಸಿಯಂ ಸೇರಿಸಿಕೊಂಡು ಉಬ್ಬಿದರೆ ತೆರೆಯುತ್ತದೆ, ಸೊರಗಿದರೆ ಮುಚ್ಚುತ್ತದೆ. ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬಾರದೆ ಅಡುಗೆ ನಿಲ್ಲುತ್ತದೆ. ಬಾಡಲು ಬಿಟ್ಟು ಬಿಟ್ಟು ನೀರು ಕೊಟ್ಟ ಬೆಳೆ ಸಾಯದಿದ್ದರೂ ಇಳುವರಿ ಇಳಿಯುವುದು ಹೀಗೆ. ಕಳ್ಳಿಗಳೂ ಅನಾನಸೂ ರಾತ್ರಿ ತೆರೆದು ಈ ಇಕ್ಕಟ್ಟಿನಿಂದ ಪಾರಾಗುತ್ತವೆ.

ಕುಂಬಳ, ಸೌತೆಯಂಥ ಅಗಲ ಎಲೆಯವು ಮಧ್ಯಾಹ್ನ ಜೋಲುವುದು ಸಾಮಾನ್ಯ. ಬೇರು ಕೊಡುವುದಕ್ಕಿಂತ ಗಾಳಿ ಎಳೆಯುವುದು ಆ ಎರಡು ಮೂರು ಗಂಟೆ ಹೆಚ್ಚು. ಸಂಜೆಗೆ ಎದ್ದರೆ ಚಿಂತೆಯಿಲ್ಲ. ನೋಡಬೇಕಾದ ಹೊತ್ತು ಮುಂಜಾನೆ, ಬಿಸಿಲು ಏರುವ ಮೊದಲು. ಆಗಲೂ ಎಲೆ ಜೋತಿದ್ದರೆ ಮೊದಲು ಬೆರಳಿನಿಂದ ಮಣ್ಣು ನೋಡಿ, ಒಣಗಿದ್ದರೆ ನೀರು, ತೇವವಿದ್ದರೆ ಬೇರು ಮತ್ತು ಕಾಂಡದ ಪರೀಕ್ಷೆ. ಮರಗಳಿಗೆ ನೀರನ್ನು ಕಾಂಡದ ಬುಡಕ್ಕಲ್ಲ, ಕೊಂಬೆಗಳ ನೆರಳಿನ ಅಂಚಿನ ಸುತ್ತ ಕೊಡಿ, ಹೀರುವ ಎಳೆಬೇರು ಬಹಳಷ್ಟು ಅಲ್ಲಿರುತ್ತದೆ.

ಕೊನೆಯದಾಗಿ, ನೀರಿನ ತೊಂದರೆ ಎಂದು ಯಾರಿಗೂ ಅನಿಸದ ಒಂದು. ಟೊಮ್ಯಾಟೊ ಕಾಯಿಯ ತಳ ಕಪ್ಪಾಗಿ ಚರ್ಮದಂತೆ ಗುಳಿಬೀಳುವುದು. ಇದು ರೋಗಾಣುವಿನಿಂದ ಬಂದದ್ದಲ್ಲ, ಕಾಯಿಗೆ ಕ್ಯಾಲ್ಸಿಯಂ ಸಾಲದೆ ಬಂದದ್ದು. ಕ್ಯಾಲ್ಸಿಯಂ ಸಾಗುವುದು ಕ್ಸೈಲಂ ನೀರಿನ ಜೊತೆಗೆ, ನೀರು ಹೆಚ್ಚು ಹೋಗುವ ಕಡೆಗೆ. ಟೊಮ್ಯಾಟೊ ಹಣ್ಣಿನ ಸಿಪ್ಪೆಯಲ್ಲಿ ಪತ್ರರಂಧ್ರಗಳಿಲ್ಲ, ಆದ್ದರಿಂದ ನೀರೆಲ್ಲ ಎಲೆಯ ಪಾಲು. ಒಂದು ವಾರ ಒಣಗಿಸಿ ಒಂದು ದಿನ ಮುಳುಗಿಸಿದರೆ ಕಾಯಿಗೆ ಇದ್ದದ್ದೂ ತಪ್ಪುತ್ತದೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೂ ಹೀಗಾಗುವುದರಿಂದ, ಸುಣ್ಣ ಹಾಕುವ ಮೊದಲು ನೀರಿನ ಅಂತರ ಸರಿಪಡಿಸಿ. ಬುಡಕ್ಕೆ ಐದಾರು ಸೆಂಟಿಮೀಟರ್ ಒಣಹುಲ್ಲಿನ ಹೊದಿಕೆ ಹಾಕಿ, ಯೂರಿಯಾ ತಗ್ಗಿಸಿ. ಗುಳಿಬಿದ್ದ ಕಾಯಿ ಸರಿಹೋಗುವುದಿಲ್ಲ, ಕಿತ್ತುಬಿಡಿ. ಮುಂದೆ ಕಚ್ಚುವ ಕಾಯಿಗಳಲ್ಲಿ ಫಲ ಕಾಣುತ್ತದೆ.

ನಮಸ್ಕಾರ.